ಮುಳ್ಳುಕೊಂಬೆ ಎಳೆದ ಕೈ

ಕರಿಯಕ್ಕ, ನರಿ ಬಿಲದ ಬಾಯಿಗೆ ನೀನು ಇಟ್ಟಿದ್ದ ಜಾಲಿಕೊಂಬೆಯನ್ನು ಎಳೆದುಹಾಕಿದವಳು ನಾನು. ನಿನ್ನ ತಮ್ಮ ರಂಗಣ್ಣ ಅಲ್ಲ.

ಇವತ್ತು ಬೆಳಿಗ್ಗೆ ನಿನ್ನ ಫೋನು ಬಂದಾಗ ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದೆ. "ರಂಗನ ಬಲಗೈ ಸ್ವಾಧೀನ ಇಲ್ದಂಗೆ ಬಿದ್ದೋತಂತೆ ಗಿರ್ಜಿ. ಕರ್ಪೂರ ಮುಟ್ಟಿದ ಕೈ! ನಾಕು ವರ್ಷ ಆದ್ರೂ ಮಾರಮ್ಮ ಮರೀಲಿಲ್ಲ ನೋಡು" ಅಂದೆ ನೀನು. ನಾನು ಹೂಂ ಅಂದೆ — ಅಷ್ಟೇ ಅಂದೆ. ಫೋನಿಟ್ಟು ನೋಡಿದರೆ ಶೇಂಗಾ ಪೂರಾ ಸೀದು ಹೋಗಿತ್ತು.

ನಿನಗೆ ಓದು ಬರದು. ನಾಳೆ ಊರಿಗೆ, ಹರಿಯಬ್ಬೆಗೆ ಬಂದು, ನಿನ್ನ ಎದುರಿಗೆ ಕುಂತು, ಇದನ್ನು ನಾನೇ ಓದಬೇಕು ಅಂತಲೇ ಬರೆಯುತ್ತಿದ್ದೇನೆ. ಬರೀ ಬಾಯಲ್ಲಿ ಹೇಳಹೋದರೆ ಮಧ್ಯದಲ್ಲಿ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ನಾಲ್ಕು ವರ್ಷದಲ್ಲಿ ಎಷ್ಟು ಸಲ ಹಾಗೆ ಹೊರಳಿದ್ದೇನೋ.

ಹಿರಿಯೂರಿನಲ್ಲಿ ನಮ್ಮೆಜಮಾನರು ಸ್ಟುಡಿಯೋ ಮುಚ್ಚಿದ ಮೇಲೆ ಕ್ಯಾಮೆರಾ ಮನೆಯಲ್ಲೇ ಉಳಿಯಿತು. ನಾನು ಕಲಿತೆ. ಅಡುಗೆ, ಪೂಜೆ ಮುಗಿಸಿ ಮೊಲ, ಮುಂಗುಸಿ, ಮುಸುವ ಅಂತ ಹುಡುಕಿಕೊಂಡು ಹೋಗುವ ಹೆಂಗಸು ಅಂತ ನೀನೇ ನಗುತ್ತಿದ್ದೆ. ಪ್ರಾಣಿಗಳ ಫೋಟೋ ತೆಗೆಯುವವರ ನಮ್ಮದೊಂದು ವಾಟ್ಸಾಪ್ ಗುಂಪಿದೆ. ಭಾನುವಾರ ಒಬ್ಬೊಬ್ಬರು ಒಂದು ಚಿತ್ರ ಹಾಕುವುದು, ಉಳಿದವರು ತಪ್ಪು ಹೇಳುವುದು, ಮತ್ತೆ ಹೋಗಿ ತಿದ್ದಿ ತೆಗೆಯುವುದು. ಗುಂಪಿಗೆ ಒಂದೇ ಕಟ್ಟುಪಾಡು: ಪ್ರಾಣಿಯದ್ದೇನನ್ನೂ ಮುಟ್ಟಬಾರದು. ಅಡ್ಡ ಬಂದರೆ ನಾವು ಸರಿಯಬೇಕು, ಇಲ್ಲ ಕಾಯಬೇಕು.

ಆ ವರ್ಷ ನಿನ್ನ ಶೇಂಗಾ ಹೊಲದ ಬದುವಿನಲ್ಲಿ ಗುಳ್ಳೆನರಿ ನಾಲ್ಕು ಮರಿ ಹಾಕಿತ್ತು. ನೀನು ನನ್ನೊಬ್ಬಳಿಗೇ ತೋರಿಸಿದೆ. "ಬಾಣಂತಿ ಐತೆ, ಚಪ್ಪಲಿ ಬಿಟ್ಟು ಬಾ" ಅಂದಿದ್ದೆ. ನರಿ ತೂರಬಹುದು, ನಾಯಿ ತೂರಬಾರದು — ಅಷ್ಟು ಅಳತೆ ನೋಡಿ ನೀನು ಆ ಜಾಲಿಕೊಂಬೆ ಇಟ್ಟಿದ್ದೆ.

ನಾನು ಕೊಂಬೆಯ ಸಂದಿಯಲ್ಲೇ ಒಂದು ಮರಿಯ ಚಿತ್ರ ತೆಗೆದು ಗುಂಪಿಗೆ ಹಾಕಿದೆ. ಹೊಸದುರ್ಗದ ಡ್ರಾಯಿಂಗ್ ಮೇಷ್ಟ್ರು, "ಮುಖಕ್ಕೇ ಕೊಂಬೆ ಅಡ್ಡ ಬಂದೈತಲ್ಲಮ್ಮ. ಇದು ನರಿ ಚಿತ್ರ ಅಲ್ಲ, ಬೇಲಿ ಚಿತ್ರ" ಅಂದರು. ಹೊಳಲ್ಕೆರೆಯ ಒಬ್ಬಳು, "ಗಿರಿಜಕ್ಕ, ಬೇಲೀನ ಚೆನ್ನಾಗಿ ತೆಗ್ದೀರ ಬಿಡ್ರಿ" ಅಂತ ನಗುವ ಗೊಂಬೆ ಹಾಕಿದಳು. ಆಡಿದ್ದು ತಮಾಷೆಗೆ. ನನಗೆ ಮಾತ್ರ ಆ ವಾರವೆಲ್ಲ ಅದೇ ಕೊರೆತ.

ಮುಂದಿನ ವಾರ ಬಂದೆ. ನೀನು ಕುರಿ ಹೊಡೆದುಕೊಂಡು ಹೋಗಿದ್ದೆ. ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಮರಿಯ ಕಣ್ಣು ಸಿಗಲಿಲ್ಲ. ಆಗ — ಕೊಂಬೆ ಎಳೆದೆ. ಅಂಗೈಗೆ ಮುಳ್ಳು ಚುಚ್ಚಿತು, ಆಗಲೂ ನಿಲ್ಲಲಿಲ್ಲ. ಚಿತ್ರದ ಹಿಂಬದಿಯಲ್ಲಿ ಕಾಣಬಾರದು ಅಂತ ಅದನ್ನು ರಂಗಣ್ಣ ಕುರಿರೊಪ್ಪಕ್ಕೆ ಹೊಸದಾಗಿ ಹಾಕುತ್ತಿದ್ದ ಬೇಲಿಯ ಮೇಲೆ ಎಸೆದು ಬಂದೆ. ನೆಲಕ್ಕೆ ಎದೆ ಹಚ್ಚಿ ಮಲಗಿದೆ. ಮರಿ ಬಂತು. ಎರಡೂ ಕಣ್ಣಿನಲ್ಲಿ ಬೆಳಗಿನ ಬಿಸಿಲು.

ವಾಪಸ್ ಇಡೋದು ಮರೆತೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮರೆತಿರಲಿಲ್ಲ. ಸಂಜೆ ಬೆಳಕಿಗೆ ಇನ್ನೊಂದು ತೆಗೆಯೋಣ ಅಂತ ಬೇಕಂತಲೇ ಬಿಟ್ಟು ಊರೊಳಗಿನ ತವರುಮನೆಗೆ ಊಟಕ್ಕೆ ಹೋದೆ.

ನಾಯಿಗಳು ಮಧ್ಯಾಹ್ನವೇ ಬಂದವು. ಮೂರು ಮರಿ ಹೋದವು. ಉಳಿದ ಒಂದನ್ನು ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋದದ್ದನ್ನು ನೀನೇ ನೋಡಿದೆ. ಕೊಂಬೆ ರಂಗಣ್ಣನ ಬೇಲಿಯಲ್ಲಿ ಸಿಕ್ಕಿತು. "ನಾಕು ಮುಳ್ಳಿಗೆ ಬಾಣಂತಿ ಮನೆ ಕಿತ್ತೇನೋ, ಲೇ!" ಅಂತ ನೀನು ಅವನ ಮೇಲೆ ಮಣ್ಣು ತೂರಿದೆ. ಅವನು ಸೀದಾ ಮಾರಮ್ಮನ ಗುಡಿಗೆ ನಡೆದ. ಉರಿಯುವ ಕರ್ಪೂರದ ಮೇಲೆ ಬಲಗೈ ಇಟ್ಟು, "ನಾನು ಮುಟ್ಟಿಲ್ಲ ಕಣಕ್ಕ" ಅಂದ. "ಸುಳ್ಳಾಣೆ" ಅಂದೆ ನೀನು.

ನಾನು ಅಲ್ಲೇ ಇದ್ದೆ. ನಿನ್ನ ಪಕ್ಕದಲ್ಲೇ, ಕೈ ಮುಗಿದುಕೊಂಡು. ಮುಳ್ಳು ಚುಚ್ಚಿದ ಅಂಗೈ ಒಳಗೆ ಮುಚ್ಚಿಕೊಂಡಿತ್ತು. ದಿನವೂ ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸಿ ಮಲಗುವವಳು ನಾನು — ಸಿಲಿಂಡರ್ ಇನ್ನೂ ನಾಲ್ಕು ದಿನ ಬಂತು, ಮಂಡಿ ನೋವು ಇವತ್ತಿಲ್ಲ, ಹೀಗೆ. ಕರಿಯಕ್ಕ ನನ್ನ ಮೇಲೆ ಅನುಮಾನ ಪಡಲಿಲ್ಲ ಅನ್ನುವುದನ್ನೂ ಆವತ್ತು ಆ ಲೆಕ್ಕಕ್ಕೆ ಸೇರಿಸಿದೆ. ಇದಕ್ಕಿಂತ ಕೆಟ್ಟದ್ದನ್ನು ನಾನು ದೇವರ ಮುಂದೆ ಆಡಿಲ್ಲ.

ಭಾನುವಾರ ಚಿತ್ರ ಹಾಕಿದೆ. ಹೌದು, ಆಮೇಲೂ ಹಾಕಿದೆ. "ಕೊಂಬೆ ಎಲ್ಲಿ ಹೋತಮ್ಮ?" ಅಂತ ಮೇಷ್ಟ್ರು ಕೇಳಿದರು. "ನಾನೇ ಎರಡು ಹೆಜ್ಜೆ ಸರಿದೆ ಸರ್" ಅಂದೆ. "ತಾಳ್ಮೆ ಅಂದ್ರೆ ಇದು, ಎಲ್ರೂ ನೋಡಿ ಕಲೀರಿ" ಅಂದರು. ಅದರ ಮಾರನೇ ದಿನದಿಂದ ಕ್ಯಾಮೆರಾ ಮುಟ್ಟಿಲ್ಲ. ಮುಟ್ಟದಿದ್ದರೆ ತೀರಿತು ಅಂದುಕೊಂಡಿದ್ದೆ.

ನಿನ್ನ ಫೋನು ಬಂದ ಮೇಲೆ ರಂಗಣ್ಣನ ಹೆಂಡತಿಗೆ ಫೋನು ಮಾಡಿದೆ. ಅವಳು ಹೇಳಿದ ಮಾತು ಕೇಳು. "'ನಾನೇ ನಿದ್ದೆಗಣ್ಣಾಗೆ ಎಳ್ದಿದ್ನೇನೋ, ಅದುಕ್ಕೇ ಅಮ್ಮ ಕೈ ತಗಂಡ್ಲು' ಅಂತಾರೆ ಇವ್ರು, ಕಣಕ್ಕ." ಮಾಡದ ತಪ್ಪನ್ನು ಅವನೇ ಒಪ್ಪಿಕೊಳ್ಳಲು ಶುರು ಮಾಡಿದ್ದಾನೆ, ಕರಿಯಕ್ಕ. ನೀನು ಅವನ ಹೊಸ್ತಿಲು ತುಳಿದು ನಾಲ್ಕು ವರ್ಷವಾಯಿತು.

ಅವನ ಕೈ ಬಿದ್ದದ್ದು ಯಾಕೆ ಅಂತ ನನಗೆ ಗೊತ್ತಿಲ್ಲ, ಆಸ್ಪತ್ರೆಯವರು ಹೇಳಬೇಕು. ಆಣೆ ಮಾತ್ರ ನಿಜವಾದದ್ದು. ಈ ಕಾಗದವನ್ನು ಮೊದಲು ನಿನ್ನ ಮುಂದೆ ಓದುತ್ತೇನೆ, ಆಮೇಲೆ ಅವನ ಮಂಚದ ಪಕ್ಕದಲ್ಲಿ, ಆಮೇಲೆ ಗುಡಿಯಲ್ಲಿ ಆವತ್ತು ನಿಂತಿದ್ದವರ ಮುಂದೆ. ಗುಂಪಿಗೆ ಈಗಲೇ ಬರೆದು ಹಾಕಿದ್ದೇನೆ: ನಾನು ಸರಿಯಲಿಲ್ಲ ಸರ್, ಕೊಂಬೆ ಎಳೆದೆ, ಮೂರು ಮರಿ ಸತ್ತವು. ನೀನು ಮಣ್ಣು ತೂರಿದರೆ ತಲೆ ತಗ್ಗಿಸುವುದಿಲ್ಲ, ಮುಖಕ್ಕೇ ಬೀಳಲಿ.

ಸೀದದ್ದನ್ನು ಚೆಲ್ಲಿ ಬಾಣಲೆಗೆ ಬೇರೆ ಶೇಂಗಾ ಹಾಕಿದ್ದೇನೆ. ಸಿಪ್ಪೆ ಪೂರ್ತಿ ತೆಗೆದು, ನುಣ್ಣಗೆ ಕುಟ್ಟಬೇಕು. ರಂಗಣ್ಣನಿಗೆ ಒಂದು ಕಡೆ ಅಗಿಯೋಕೆ ಬರಲ್ವಂತೆ.