ಹನ್ನೆರಡನೇ ಕಟ್ಟಡಕ್ಕೆ ಎರಡು ಚಹಾ

ನನ್ನ ಅಕ್ಕ ವಾರಿಜಾಳ ಗಂಡ ಕಮಲಾಕ್ಷ ಭಾವ ಇಪ್ಪತ್ತಾರು ವರ್ಷಗಳಿಂದ ಕಲ್ಯಾಣದ ಆಚೆ ಇರುವ ಒಂದು ರಕ್ಷಣಾ ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದಾರೆ. ಕಾರ್ಖಾನೆಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಭಾವ ನನ್ನ ಜೊತೆ ಮಾತು ಬಿಡುತ್ತಾರೆ, ಅಕ್ಕ ಊಟ ಹಾಕುವುದನ್ನು ಬಿಡುತ್ತಾಳೆ. ಎರಡನೆಯ ನಷ್ಟ ನನಗೆ ದೊಡ್ಡದು. ಅಲ್ಲಿ ಏನು ತಯಾರಾಗುತ್ತದೆ ಎಂದು ಯಾರೇ ಕೇಳಲಿ, ಭಾವನದು ಒಂದೇ ಉತ್ತರ: "ನಮ್ಮಲ್ಲಿ ಇಡ್ಲಿ ತಯಾರಾಗ್ತದೆ." ಅದು ಜಾಣತನದ ಉತ್ತರ ಎಂದು ನಾನು ಬಹಳ ಕಾಲ ನಂಬಿದ್ದೆ. ಅವರಿಗೆ ನಿಜವಾಗಿ ಅಷ್ಟೇ ಗೊತ್ತಿರುವುದು ಎಂದು ಆಮೇಲೆ ತಿಳಿಯಿತು.

ಉಡುಪಿ ಕಡೆಯಿಂದ ಬಂದು ಮೊದಲು ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದವರು ಭಾವ. ಈಗ ಡೊಂಬಿವಲಿಯಲ್ಲಿ ಮನೆ. ಬೆಳಿಗ್ಗೆ ಇಡೀ ಡೊಂಬಿವಲಿ ಮುಂಬಯಿ ಕಡೆಯ ಲೋಕಲ್‌ಗೆ ಜೋತುಬೀಳುವ ಹೊತ್ತಿನಲ್ಲಿ ಅವರೊಬ್ಬರು ಎದುರು ಪ್ಲಾಟ್‌ಫಾರ್ಮಿನಿಂದ ಕಲ್ಯಾಣದ ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತು ಹೋಗುತ್ತಾರೆ. ಐರೋಲಿಯ ಆಫೀಸಿಗೆ ದಿನಾ ಠಾಣೆಯಲ್ಲಿ ಗಾಡಿ ಬದಲಿಸುವ ನನಗೆ ಆ ಕಿಟಕಿಯ ಮೇಲೆ ಹೊಟ್ಟೆಕಿಚ್ಚಿದೆ.

ಕ್ಯಾಂಟೀನಿನ ಗೋಡೆಯಲ್ಲಿ ಒಂದು ಕರಿಹಲಗೆ. ಎಡಗಡೆ ಕಟ್ಟಡದ ನಂಬರು, ಬಲಗಡೆ ಅಲ್ಲಿಗೆ ಹೋಗುವ ಚಹಾಗಳ ಸಂಖ್ಯೆ, ಎರಡೂ ಇಂಗ್ಲಿಷ್ ಅಂಕಿಗಳಲ್ಲಿ. ಬೋರ್ಡಿನಲ್ಲಿ ಬರೆಯದ ಚಹಾ ಅಡುಗೆಮನೆಯ ಹೊಸಿಲು ದಾಟಬಾರದು ಎಂಬುದು ಭಾವನೇ ಮಾಡಿದ ಕಾನೂನು. ಬೆಳಿಗ್ಗೆ ಎಂಟಕ್ಕೆ ಸ್ವತಃ ಸೀಮೆಸುಣ್ಣ ಹಿಡಿದು ಬರೆಯುತ್ತಾರೆ. ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಹೋದ ನವೆಂಬರಿನಲ್ಲಿ ಕಾರ್ಖಾನೆಗೆ ಹೊರದೇಶದ ಪರಿವೀಕ್ಷಕರು ಬರುವ ಸುದ್ದಿ ಬಂತು. ರಾಸಾಯನಿಕ ಅಸ್ತ್ರ ಮಾಡುವುದಿಲ್ಲ ಎಂದು ದೇಶಗಳೆಲ್ಲ ಸೇರಿ ಸಹಿ ಹಾಕಿದ ಒಪ್ಪಂದವೊಂದಿದೆ. ಬರೆದುಕೊಟ್ಟಂತೆ ನಡೆಯುತ್ತಿದೆಯೇ ಎಂದು ನೋಡುವುದು ಇವರ ಕೆಲಸ. ವಿಷಗಾಳಿಯಿಂದ ಕಾಪಾಡುವ ಮುಖವಾಡಗಳನ್ನು ಪರೀಕ್ಷಿಸುವ ಸಣ್ಣ ಪ್ರಯೋಗಾಲಯ ಅಲ್ಲಿದೆಯಂತೆ, ಅದನ್ನು ಅವರಿಗೆ ತೋರಿಸಬೇಕು. ಸುತ್ತಲಿನ ಕಟ್ಟಡಗಳ ಕೆಲಸಕ್ಕೂ ಆ ಒಪ್ಪಂದಕ್ಕೂ ಸಂಬಂಧವಿಲ್ಲ. ಅದು ದೇಶದ ಗುಟ್ಟು, ಅವರ ಕಣ್ಣಿಗೆ ಬೀಳಬಾರದು.

ತಯಾರಿಯ ಹೊಣೆ ಭದ್ರತಾ ಅಧಿಕಾರಿ ಸತ್ಯಭಾಮಾ ಮೇಡಂ ಅವರದು. ಧಾರವಾಡದ ಕಡೆಯವರು, ಬಂದು ನಾಲ್ಕು ವರ್ಷ. ಎಲ್ಲರನ್ನೂ ಕೂರಿಸಿಕೊಂಡು ಹಿಂದಿ, ಮರಾಠಿಯಲ್ಲಿ ಹೇಳಿ ಮುಗಿಸಿದವರು ಭಾವನ ಮುಖ ನೋಡಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು.

"ನೋಡ್ರಿ ಕಮಲಾಕ್ಷ, ಏನೂ ಮುಚ್ಚಿಡಂಗಿಲ್ಲ. ಹಂಗಂತ ಎಲ್ಲಾ ತೋರಸಂಗೂ ಇಲ್ಲ. ಸುಳ್ಳು ಹೇಳಬ್ಯಾಡ್ರಿ. ಕೇಳಿದ್ದಕ್ಕಷ್ಟ ಉತ್ತರ, ಕೇಳದ್ದನ್ನ ಹೇಳಬ್ಯಾಡ್ರಿ. ಉಳಿದದ್ದು ದಿನಾ ಹೆಂಗ ನಡೀತದೋ ಹಂಗ ನಡೀಲಿ. ತಪ್ಪಿದವರ ಗೇಟ್ ಪಾಸ್ ಅವತ್ತ ಕ್ಯಾನ್ಸಲ್."

ಭಾವ ಮನೆಗೆ ಬಂದವರು ಅಂಗಿ ಕಳಚುವುದನ್ನೂ ಮರೆತು ಕೂತರಂತೆ. "ಮುಚ್ಚಿಡ್ಲಿಕ್ಕಿಲ್ಲ, ತೋರಿಸ್ಲಿಕ್ಕೂ ಇಲ್ಲ. ಹಾಗಾದ್ರೆ ಎಂತ ಮಾಡುದು ಮಾರಾಯ್ತಿ?"

"ನೆಂಟರು ಬಂದಾಗ ನಾನು ಮಾಡುದೇ ಅದು," ಎಂದಳಂತೆ ಅಕ್ಕ. "ಬಾಗಿಲು ತೆರೆದಿಡ್ತೇನೆ, ಕಪಾಟಿಗೆ ಬೀಗ ಹಾಕ್ತೇನೆ. ಅದಕ್ಕೆ ಇಷ್ಟು ತಲೆಬಿಸಿ ಯಾಕೆ?"

ಭಾವನ ತಲೆಬಿಸಿ ಇಳಿಯಲಿಲ್ಲ. ಯಂತ್ರಗಳಿಗೆ ನೀಲಿ ತಾಡಪಾಲು ಹೊದಿಸಿದರು. ಕಂಪ್ಯೂಟರು ಆರಿಸಿದರು, ಮೇಜಿನ ಕಾಗದಗಳು ಕಪಾಟು ಸೇರಿದವು, ಪರಿವೀಕ್ಷಕರು ನಡೆಯಬೇಕಾದ ದಾರಿಗೆ ಹಳದಿ ಗೆರೆ ಎಳೆದರು. ಭಾನುವಾರ ರಿಹರ್ಸಲ್. ಪರಿವೀಕ್ಷಕರ ಪಾತ್ರದಲ್ಲಿ ಕ್ಯಾಂಟೀನಿಗೆ ಬಂದ ಮೇಡಂ, "ಇವತ್ತ ಏನ ಅಡಿಗಿ?" ಎಂದು ಕೇಳಿದರೆ ಭಾವ ಬೆವರೊರೆಸಿಕೊಂಡು, "ಹೇಳಬಹುದಾ ಮೇಡಂ?" ಎಂದರಂತೆ. ಎಲ್ಲರೂ ನಕ್ಕರು. ಗೋಡೆಯ ಬೋರ್ಡನ್ನು ಯಾರೂ ನೋಡಲಿಲ್ಲ. ರಜೆಯ ದಿನವಾದ್ದರಿಂದ ಅದರಲ್ಲಿ ಏನೂ ಬರೆದಿರಲಿಲ್ಲ.

ಮಂಗಳವಾರ ಪರಿವೀಕ್ಷಕರು ಬಂದರು. ಮೂವರು. ದಿನದಂತೆ ನಡೆಯಲಿ ಎಂದಿದ್ದರಲ್ಲ, ಭಾವ ದಿನದಂತೆ ಎಂಟಕ್ಕೆ ಬೋರ್ಡು ಬರೆದರು. ಪ್ರಯೋಗಾಲಯ ನೋಡಿ ಮುಗಿಸಿ ಹನ್ನೊಂದಕ್ಕೆ ಅತಿಥಿಗಳು ಕ್ಯಾಂಟೀನಿಗೆ ಬಂದರು. ಅವರಲ್ಲೊಬ್ಬಳು ನರೆಗೂದಲಿನ ಹೆಂಗಸು, ಕೈಯಲ್ಲಿ ಕಾರ್ಖಾನೆಯ ನಕ್ಷೆ. ಇಡ್ಲಿ ತಿಂದಳು, ಚಟ್ನಿ ಎರಡನೇ ಸಲ ಹಾಕಿಸಿಕೊಂಡಳು. ಭಾವನ ಮುಖ ಅರಳಿತು. ಆಮೇಲೆ ಅವಳು ಗೋಡೆಯತ್ತ ನೋಡಿದಳು, ನಕ್ಷೆ ನೋಡಿದಳು, ಮತ್ತೆ ಗೋಡೆ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಸತ್ಯಭಾಮಾ ಮೇಡಂ ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಏನ್ರೀ ಇದು? ಹನ್ನೆರಡನೇ ಬಿಲ್ಡಿಂಗಿಗೆ ಎರಡು ಚಾ ಅಂತ ಬರದದ. ಅದು ಹನ್ನೊಂದ ವರ್ಷದಿಂದ ಬಂದ್ ಐತಿ ಅಂತ ಸರ್ಕಾರ ಬರದು ಕೊಟ್ಟದ. ಒಳಗ ಯಾರದಾರ ಅಂತ ಕೇಳ್ಲಿಕತ್ಯಾರ."

ಭಾವ ಬೋರ್ಡಿನತ್ತ ನೋಡಿದರು. ನಿಜ ಹೇಳಬೇಕು ಎಂದಿದ್ದಾರೆ, ಆದರೆ ಆ ನಿಜವನ್ನು ಯಾರು ನಂಬುತ್ತಾರೆ? ಸುಮ್ಮನಿದ್ದರೆ ಮುಚ್ಚಿದ ಕಟ್ಟಡದಲ್ಲಿ ಗುಟ್ಟಾಗಿ ಕೆಲಸ ನಡೆಯುತ್ತಿದೆ ಎಂದಾಗುತ್ತದೆ, ಒಂದು ಸೀಮೆಸುಣ್ಣದ ಅಂಕಿಯಿಂದ ದೇಶವೇ ಸುಳ್ಳು ಹೇಳಿದಂತಾಗುತ್ತದೆ. ಆ ಕ್ಷಣ ತನಗೆ ಸುಂದರಿಯ ನೆನಪಾಯಿತು ಎಂದು ಭಾವ ಹೇಳಿದಾಗ ನಾನು ಸುಂದರಿ ಯಾರು ಎಂದು ಕೇಳಲಿಲ್ಲ. ನಮಗೆಲ್ಲ ಗೊತ್ತು. ಜಯಶೀಲನ ಹೆಂಡತಿ.

ಜಯಶೀಲ ಭಾವನ ಊರಿನವನು, ಓರಗೆಯವನು, ಕ್ಯಾಂಟೀನಿನಲ್ಲಿ ಚಹಾ ಹಂಚುತ್ತಿದ್ದವನು. ಹನ್ನೊಂದು ವರ್ಷಗಳ ಹಿಂದೆ ಹನ್ನೆರಡನೇ ಕಟ್ಟಡ ಉಗ್ರಾಣವಾಗಿತ್ತು, ಅದನ್ನು ನೋಡಿಕೊಳ್ಳುವ ಗುರುವಪ್ಪ ಒಬ್ಬನೇ ಅಲ್ಲಿರುತ್ತಿದ್ದ. ಬೋರ್ಡಿನಲ್ಲಿ 'ಹನ್ನೆರಡು: ಒಂದು' ಎಂದಿತ್ತು. ಆ ದಿನ ಭಾವ, "ಗುರುವಪ್ಪನಿಗೆ ಚಹಾ ಕೊಟ್ಟು ಬಾ. ನಿಂದೂ ತಕ್ಕೊಂಡು ಹೋಗು, ಅಲ್ಲೇ ಕೂತು ಕುಡಿ" ಎಂದು ಕಳಿಸಿದರು. ಇಬ್ಬರೂ ಕುಡಿಯುತ್ತಿದ್ದಾಗ ಒಳಗಿನ ಒಂದು ಸಿಲಿಂಡರು ಸೋರಿತು. ಇಬ್ಬರೂ ಉಳಿಯಲಿಲ್ಲ. ಕಟ್ಟಡಕ್ಕೆ ಅವತ್ತು ಬಿದ್ದ ಬೀಗ ಮತ್ತೆ ತೆರೆಯಲಿಲ್ಲ. ವಿಚಾರಣೆಯವರು ಬಂದು ಬೋರ್ಡು ನೋಡಿದರು: ಒಂದು. ಜಯಶೀಲನಿಗೆ ಆ ಕಟ್ಟಡದ ಪಾಸ್ ಇರಲಿಲ್ಲ, ಕಾಂಟ್ರ್ಯಾಕ್ಟಿನ ಆಳು. ಅವನು ದಾರಿಯಲ್ಲಿ ಎದೆನೋವಿನಿಂದ ಸತ್ತ ಎಂದು ಬರೆದುಕೊಂಡು ಹೋದರು. ಸುಂದರಿಗೂ ಅಷ್ಟನ್ನೇ ಹೇಳಿದರು. ಭಾವ ಕಂಡಕಂಡವರಲ್ಲಿ ಹೇಳಿ ನೋಡಿದರು. ಗುಟ್ಟಿನ ವಿಷಯ, ಮಾತಾಡಬೇಡ ಎಂದರು. ಪಾಸ್ ಹೋದೀತೆಂಬ ಹೆದರಿಕೆಗೆ ಭಾವ ಸುಮ್ಮನಾದರು. ಅದಕ್ಕಾಗಿ ಅವರು ತಮ್ಮನ್ನು ಕ್ಷಮಿಸಿಕೊಂಡಿಲ್ಲ.

ನಮ್ಮ ತುಳುನಾಡಿನಲ್ಲಿ ಹಬ್ಬದ ದಿನ ಸತ್ತವರಿಗೂ ಎಲೆ ಹಾಕಿ ಬಡಿಸುತ್ತೇವೆ. ಅವರನ್ನು ಕುಲೆಗಳು ಎನ್ನುತ್ತೇವೆ. ಮನೆಯವರ ಪಾಲು ಅವರಿಗೂ ಉಂಟು ಎಂಬ ಲೆಕ್ಕ. ವರ್ಷಕ್ಕೊಮ್ಮೆ ಮಾಡುವುದನ್ನು ಭಾವ ದಿನಾ ಮಾಡತೊಡಗಿದರು, ಚಹಾ ದಿನಾ ಕುಡಿಯುವಂಥದ್ದು ಎಂದು. ಕಾನೂನು ಕಾನೂನೇ, ಆ ಚಹಾವನ್ನೂ ಬೋರ್ಡಿನಲ್ಲಿ ಬರೆದರು. ಒಂದು ಎಂದಲ್ಲ, ಎರಡು ಎಂದು. ದಿನಾ ಕಾಣುವ ಅಂಕಿಯನ್ನು ಹನ್ನೊಂದು ವರ್ಷ ಯಾರೂ ಓದಲಿಲ್ಲ.

"ಒಳಗೆ ಯಾರೂ ಇಲ್ಲ ಮೇಡಂ," ಎಂದರು ಭಾವ ಕೊನೆಗೆ. "ಸತ್ತವರಿಗೆ ಇಡುದು."

ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ನರೆಗೂದಲಿನವಳು ನಗಲಿಲ್ಲ. ಕಟ್ಟಡ ನೋಡಬೇಕು ಎಂದಳು.

ಹನ್ನೆರಡಕ್ಕೆ ಹೋಗುವ ದಾರಿ ಹದಿಮೂರರ ಮುಂದೆಯೇ ಹಾಯುತ್ತದೆ, ನಿಜವಾದ ಗುಟ್ಟು ಇರುವುದು ಹದಿಮೂರರಲ್ಲಿ. ಬೇಡ ಎಂದರೆ ಸಂಶಯ, ಬನ್ನಿ ಎಂದರೆ ಅಪಾಯ. ಮೇಡಂ ಅರ್ಧ ಗಂಟೆಯ ಸಮಯ ಕೇಳಿಕೊಂಡರು. ಹದಿಮೂರರ ಕಿಟಕಿಗಳಿಗೆ ತಾಡಪಾಲು ಸಾಲಲಿಲ್ಲವೆಂದು ಕ್ಯಾಂಟೀನಿನ ಮೇಜುಬಟ್ಟೆಗಳನ್ನೂ ಒಯ್ದು ಕಟ್ಟಿದರು. ಒಬ್ಬಳು ಪರಿವೀಕ್ಷಕಿ ಮಾತ್ರ ಬರಬಹುದು, ಕ್ಯಾಮೆರಾ ಇಲ್ಲ ಎಂದು ಮಾತಾಯಿತು. ಭಾವ ಎಂದಿನಂತೆ ಎರಡು ಸ್ಟೀಲ್ ಲೋಟಗಳಲ್ಲಿ ಚಹಾ ಹಿಡಿದು ಮುಂದೆ ನಡೆದರು. ತಾನು ಈಗ ಗುಟ್ಟು ಕಾಯುತ್ತಿದ್ದೇನೋ ಬಿಟ್ಟುಕೊಡುತ್ತಿದ್ದೇನೋ ಅವರಿಗೆ ತಿಳಿಯಲಿಲ್ಲ.

ಬಾಗಿಲಿನ ಬೀಗ ತುಕ್ಕು ಹಿಡಿದಿತ್ತು, ಅರಗಿನ ಮುದ್ರೆ ಒಡೆದಿರಲಿಲ್ಲ. ಹೊಸಿಲಿನ ಧೂಳಿನಲ್ಲಿ ಬಾಗಿಲವರೆಗೆ ಹೆಜ್ಜೆ ಗುರುತೇ ಇರಲಿಲ್ಲ. ಮೆಟ್ಟಿಲಿನ ಕಲ್ಲಿನ ಮೇಲೆ ಮಾತ್ರ ಹನ್ನೊಂದು ವರ್ಷದ ಚಹಾದ ಎರಡು ಉರುಟು ಕಲೆ. ಭಾವ ಲೋಟಗಳನ್ನು ಆ ಕಲೆಗಳ ಮೇಲೆಯೇ ಇಟ್ಟು ಹಿಂದೆ ಸರಿದರು. ಪರಿವೀಕ್ಷಕಿ ಬಗ್ಗಿ ನೋಡಿ, ಮೆಲ್ಲಗೆ ಏನೋ ಕೇಳಿದಳು.

"ಯಾರಿಗೆ ಅಂತ ಕೇಳ್ತಾರ," ಎಂದರು ಮೇಡಂ.

ಕೇಳಿದ್ದಕ್ಕಷ್ಟೇ ಉತ್ತರ. ಆದರೆ ಇದು ಕೇಳಿದ್ದೇ. "ಒಂದು ಗುರುವಪ್ಪನಿಗೆ. ಒಂದು ಜಯಶೀಲನಿಗೆ."

ಮೇಡಂ ತಿರುಗಿ ನೋಡಿದರು. "ಫೈಲಿನ್ಯಾಗ ಒಂದ ಹೆಸರು ಐತಲ್ರೀ."

"ಇನ್ನೊಬ್ಬ ನಮ್ಮವ ಮೇಡಂ. ಒಳಗೇ ಹೋದದ್ದು. ಕಳಿಸಿದ್ದು ನಾನು." ಅಷ್ಟು ಹೇಳುವಾಗ ಭಾವನಿಗೆ ಅಳು ಬಂತು. ಹನ್ನೊಂದು ವರ್ಷದ ನಂತರ, ಹೊರದೇಶದ ಹೆಂಗಸಿನ ಎದುರು, ಕ್ಯಾಂಟೀನಿನ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು.

ಮೇಡಂ ಪರಿವೀಕ್ಷಕಿಯ ಕಡೆಗೆ ತಿರುಗಿದರು. ಭಾವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಒನ್, ಟೂ ಬರುತ್ತದೆ. ಮೇಡಂ ಯಾವುದನ್ನು ಹೇಳುತ್ತಾರೆ ಎಂದು ಕಿವಿಗೊಟ್ಟರು. ಮೇಡಂ ಹೇಳಿದ ಉದ್ದ ವಾಕ್ಯದ ನಡುವೆ ಅವರಿಗೆ ಕೇಳಿಸಿದ್ದು "ಟೂ." ಪರಿವೀಕ್ಷಕಿ ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು.

ಸಂಜೆ ಐದಕ್ಕೆ ಸತ್ಯಭಾಮಾ ಮೇಡಂ ಒಬ್ಬರೇ ಕ್ಯಾಂಟೀನಿಗೆ ಬಂದರು. ಅವರು ಕೇಳುವ ಮೊದಲೇ ಭಾವ ಕೊರಳಿನ ಪಾಸ್ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಅದನ್ನು ಹಿಂದಕ್ಕೆ ತಳ್ಳಿ, ತಾವೇ ಬಟ್ಟೆ ತೆಗೆದುಕೊಂಡು ಬೋರ್ಡಿನ ಹನ್ನೆರಡರ ಸಾಲು ಒರೆಸಿದರು.

"ನಾಳೆಯಿಂದ ಹನ್ನೆರಡು ಅಂತ ಬರೀಬ್ಯಾಡ್ರಿ."

"ಬರೆಯುದು ಬೇಡವಾ ಮೇಡಂ, ಇಡುದೇ ಬೇಡವಾ?"

ಮೇಡಂ ಬಟ್ಟೆಯ ಸುಣ್ಣ ಕೊಡವಿದರು. ಜಯಶೀಲನ ಹೆಂಡತಿ ಈಗ ಎಲ್ಲಿದ್ದಾಳೆ ಎಂದು ಕೇಳಿ, ವಿಳಾಸ ಬರೆದುಕೊಂಡು ಹೋದರು.

ಆ ಭಾನುವಾರ ಊಟದ ಹೊತ್ತಿಗೆ ಭಾವ ಇದನ್ನೆಲ್ಲ ಹೇಳಿ ನಮ್ಮನ್ನೇ ಕೇಳಿದರು. ಬೇಡ ಎಂದರ್ಥ ಎಂದೆ ನಾನು. ಇಡು ಎಂದರ್ಥ ಎಂದಳು ಅಕ್ಕ. ಭಾವ ಇಬ್ಬರನ್ನೂ ನೋಡಿ ಸಾರು ಕಲಸಿಕೊಂಡರು. ಅವರು ಆಗಲೇ ಒಂದು ದಾರಿ ಹಿಡಿದಾಗಿತ್ತು. ಅದು ಸುಳ್ಳೋ ನಿಜವೋ ಅವರಿಗೆ ಈಗಲೂ ಗೊತ್ತಿಲ್ಲ. ನನಗೂ ಇಲ್ಲ.

ಬೋರ್ಡಿನ ಕೊನೆಯ ಸಾಲಿನಲ್ಲಿ ಮೊದಲು 'ಕ್ಯಾಂಟೀನ್: ಐದು' ಎಂದಿರುತ್ತಿತ್ತು, ಈಗ 'ಏಳು' ಎಂದಿದೆ. ಮುಂದಿನ ಬುಧವಾರ ಸುತ್ತು ಬಂದ ಮೇಡಂ ಬೋರ್ಡಿನ ಮುಂದೆ ನಿಂತು ಕೊನೆಯ ಸಾಲಿನವರೆಗೂ ಓದಿದರಂತೆ. ಕ್ಯಾಂಟೀನಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿದರಂತೆ. ಐದು ಜನ. ಅವರು ಏನೂ ಕೇಳಲಿಲ್ಲ. ಕೇಳದ್ದನ್ನು ಭಾವ ಹೇಳಲಿಲ್ಲ.