ಅತ್ತೆಯ ಕೋಣೆಗೆ ಗಂಧಕದ ಹೊಗೆ

ನಾಯಿಗೆ ಕಿವಿ ಹೋಗಿದೆ ಎಂದು ನಮಗೆ ತಿಳಿಸಿದ್ದು ರೈಲು. ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮ ಮನೆ ಹಳಿಗೆ ಹತ್ತಿರ. ಗಾಡಿ ಸೀಟಿ ಹಾಕಿದಾಗಲೆಲ್ಲ ನಾಯಿ ಅಂಗಳದಲ್ಲಿ ಕತ್ತು ಮೇಲೆತ್ತಿ, ಅದಕ್ಕೆ ಜವಾಬು ಕೊಡುವಂತೆ ಊಳಿಡುತ್ತಿತ್ತು. ಒಂದು ಬೇಸಿಗೆಯಲ್ಲಿ ಅದು ನಿಂತಿತು. ಮುದಿತನಕ್ಕೆ ಬುದ್ಧಿ ಬಂತು ಅಂದುಕೊಂಡೆವು. ಆಮೇಲೊಮ್ಮೆ ಸ್ಟೀಲಿನ ತಾಟು ನನ್ನ ಕೈಜಾರಿ ಅದರ ತಲೆಯ ಪಕ್ಕದಲ್ಲೇ ಬಿದ್ದಾಗಲೂ ಅದು ಕಣ್ಣು ತೆರೆಯಲಿಲ್ಲ. ಆಗ ಗೊತ್ತಾಯಿತು.

ಕರೆದರೆ ಬರದ ನಾಯಿ ಅದು. ಎಲ್ಲಿದೆ ಎಂದು ಕಣ್ಣಾರೆ ನೋಡಿಯೇ ತಿಳಿಯಬೇಕು. ಇದು ನನ್ನ ಗಂಡನಿಗೂ ಗೊತ್ತಿತ್ತು, ಮೈದುನನಿಗೂ ಗೊತ್ತಿತ್ತು. ಆದರೂ ಅವರಿಬ್ಬರು ಸೇರಿ ಅದನ್ನು, ಅದರ ಹಿಂದೆಯೇ ತಮ್ಮ ಹೆತ್ತ ತಾಯಿಯನ್ನು, ಕೊಲ್ಲುವುದರಲ್ಲಿದ್ದರು. ಈಗ ನಮ್ಮ ಬಳಗದಲ್ಲಿ ಅದೊಂದು ನಗುವ ಕಥೆಯಾಗಿದೆ. ನಾನು ಒಮ್ಮೆಯೂ ನಕ್ಕಿಲ್ಲ. ನಾಯಿ ಇನ್ನೂ ಇದೆ, ಅತ್ತೆಯೂ ಇದ್ದಾರೆ. ಅವರಿರುವಾಗಲೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ನಾಯಿ ಮರಿಯಾಗಿದ್ದಾಗ ಅತ್ತೆ ಅದನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. ಮಾವ ತೀರಿಕೊಂಡ ಮೇಲೆ ಏನಾಯಿತೋ, ಅದು ಒಂದು ದಿನ ಅವರ ಕೋಣೆಗೆ ಹೋಗಿ ಮಂಚದ ಕೆಳಗೆ ಮಲಗಿತು. ಅವರು ಎಬ್ಬಿಸಲಿಲ್ಲ. ವಿಜಯಪುರದ ಬಿಸಿಲಿಗೆ ಆ ಮಂಚದ ಕೆಳಗಿನ ಪರಸಿಕಲ್ಲಿನಷ್ಟು ತಂಪು ಜಾಗ ಮನೆಯಲ್ಲಿ ಬೇರೆ ಇಲ್ಲ. ಅಲ್ಲಿಂದ ಮುಂದೆ ಅದೇ ಅದರ ಮನೆ. ಹಿಂಗಾಲು ಸೋತ ಮೇಲೆ ಪರಸಿಯ ಮೇಲೆ ಜಾರುತ್ತಿತ್ತು. ಅತ್ತೆ ತಮ್ಮ ಹಳೇ ಸೀರೆ ಮಡಚಿ ಹಾಸಿದರು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆರಳಲ್ಲಿ ಕಿವುಚಿ, ಬಟ್ಟಲಿಗೆ ಹಾಕುತ್ತಾರೆ. "ನನಗೂ ಹಲ್ಲಿಲ್ಲ, ನಿನಗೂ ಹಲ್ಲಿಲ್ಲ. ತಿನ್ನ ಮುದುಕಾ," ಎನ್ನುತ್ತಾರೆ.

ನನ್ನ ಗಂಡನಿಗೆ ಭಾನುವಾರದ ಕೆಲಸಗಳ ಹುಚ್ಚು. ಸರಕಾರಿ ನೌಕರಿ, ವಾರವೆಲ್ಲ ಕುರ್ಚಿ. ಭಾನುವಾರ ಬಂತೆಂದರೆ ಡ್ರಿಲ್ಲಿಂಗ್ ಮಷೀನು ಹೊರಗೆ ಬರುತ್ತದೆ. ಅಡುಗೆಮನೆಗೆ ಕಪಾಟು ಮಾಡಿದರು, ಅದರ ಬಾಗಿಲು ಇಂದಿಗೂ ಮುಚ್ಚುವುದಿಲ್ಲ. ಮಾಳಿಗೆಗೆ ನೆರಳು ಮಾಡುತ್ತೇನೆಂದು ಕಬ್ಬಿಣದ ಕಂಬ ನಿಲ್ಲಿಸಿದರು, ಕಂಬಗಳ ಮೇಲೆ ಈಗ ಕಾಗೆ ಕೂರುತ್ತವೆ. ಕೆಲಸ ಅರ್ಧವಾಗುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ, ತಿಕೋಟಾದಿಂದ ಅವರ ತಮ್ಮ ಬರುತ್ತಾನೆ, ಇಬ್ಬರೂ "ಬಬಲೇಶ್ವರ ಕಡೆ ಹೋಗಿ ಬರ್ತೇವಿ" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ, ಆ ರಸ್ತೆಯ ಧಾಬಾದಲ್ಲಿ ತಣ್ಣನೆಯ ಬೀರು. ಬೀರಿನ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಸಲ ಜೊತೆಗೆ ಹೋಗಿ, ಸೋಡಾ ಕುಡಿದು, ಬರುವಾಗ ಕಾರು ಓಡಿಸಿದವಳು ನಾನೇ.

ಆ ವರ್ಷ ಗಂಡ ಸಿದ್ಧೇಶ್ವರ ಗುಡಿಯ ಹತ್ತಿರದ ಹಳೇ ಮನೆಯೊಂದರಿಂದ ಸಾಗವಾನಿ ಮಂಚ ತಂದರು. ಕೆತ್ತನೆಯ ಕಾಲು, ದಪ್ಪ ಹಲಗೆ. ಪಾಲಿಶ್ ಮಾಡಿ ಅವ್ವನಿಗೆ ಕೊಡುತ್ತೇನೆ ಎಂದರು. ಅರ್ಧ ಉಜ್ಜಿ, ಉಳಿದದ್ದು ಆಮೇಲೆ ಎಂದು ಅತ್ತೆಯ ಕೋಣೆಗೆ ಹಾಕಿಯೇಬಿಟ್ಟರು. ಮಂಚದ ಸಂದುಗಳಲ್ಲಿ ತಗಣಿ ತುಂಬಿದ್ದವು. ವಾರದೊಳಗೆ ಅತ್ತೆಯ ಕೈ, ಕುತ್ತಿಗೆ ಎಲ್ಲ ಕೆಂಪು ದದ್ದು. ನಾಯಿಯೂ ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿತ್ತು. ಬಿಸಿನೀರು ಸುರಿದೆ, ಸೀಮೆಎಣ್ಣೆ ಹಚ್ಚಿದೆ. ಹೋಗಲಿಲ್ಲ.

ಉಪಾಯ ಹೇಳಿದವನು ಮೈದುನ. ತಿಕೋಟಾದಲ್ಲಿ ಅವನಿಗೆ ದ್ರಾಕ್ಷಿ ತೋಟವಿದೆ, ಮಣೂಕ ಒಣಗಿಸುವ ಶೆಡ್ಡಿದೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಅದಕ್ಕೆ ಬಂಗಾರದ ಬಣ್ಣ ಬರಲೆಂದು, ಹುಳ ಹತ್ತದಿರಲೆಂದು, ತಾಡಪತ್ರಿ ಮುಚ್ಚಿ ಒಳಗೆ ಗಂಧಕ ಸುಟ್ಟು ಹೊಗೆ ಕೊಡುವುದುಂಟು. ಆ ಸಲದ ಹಂಗಾಮು ಮುಗಿದು ಅವನ ಬಳಿ ಅರ್ಧ ಚೀಲ ಗಂಧಕ ಉಳಿದಿತ್ತು.

"ವೈನಿ, ನೀವು ಸುಮ್ಮನಿರ್ರಿ. ನಮ್ಮ ಶೆಡ್ಡಿನ್ಯಾಗ ಒಂದ ಇರುವಿ ಸೈತ ಉಳಿಯಂಗಿಲ್ಲ. ತಗಣಿ ಯಾವ ಲೆಕ್ಕ?"

"ಶೆಡ್ಡಿನ್ಯಾಗ ಮಂದಿ ಮಲಗಂಗಿಲ್ಲ," ಎಂದೆ.

"ಅದ ಹೊಗಿ ಕೊಟ್ಟ ಮಣೂಕಾನ ಪಾಯಸಕ್ಕ ಹಾಕ್ತೀರಿ. ತಿಂದು ಸತ್ತೀರೇನು?"

ಗಂಡ ನಕ್ಕರು. "ಅಕಿ ಬಿ.ಎಸ್ಸಿ. ಮಾಡ್ಯಾಳಲೇ. ಕಡ್ಡಿ ಗೀರಿದ್ರೂ ಹೆದರತಾಳ."

"ಓದೇನಿ ಅಂತನ ಹೇಳಾಕತ್ತೇನಿ. ಆ ಹೊಗಿ ಹಸಿ ಇದ್ದಲ್ಲೆಲ್ಲಾ ಆ್ಯಸಿಡ್ ಆಗತೈತಿ. ಕಣ್ಣಾಗ, ಗಂಟಲಾಗ, ಎದಿಯೊಳಗ. ಮ್ಯಾಲ ಏರಂಗಿಲ್ಲ, ನೆಲಾ ಹಿಡಕೊಂಡು ಕುಂದರತೈತಿ."

"ಹಂಗಾರ ಎಲ್ಲಾರೂ ಹೊರಗ ಹೋಗೂಣು," ಎಂದ ಮೈದುನ. "ನೀವು ಅವ್ವನ್ನ ಗುಡಿಗೆ ಕರ್ಕೊಂಡು ಹೋಗ್ರಿ. ನಾವು ಬಬಲೇಶ್ವರ ಕಡೆ ಹೋಗಿ ಬರ್ತೇವಿ. ಹೊಗಿ ತನ್ನ ಕೆಲಸ ಮಾಡತೈತಿ, ನಾವು ನಮ್ಮ ಕೆಲಸ ಮಾಡೂಣು."

"ನಾಯಿ?"

"ಹಿತ್ತಲಾಗ ಬೇವಿನ ಗಿಡದ ಬುಡಕ ಕಟ್ಟತೇವಿ. ಅದನ್ನೂ ನೀವ ಹೇಳಬೇಕೇನು?"

ಹೇಳಬೇಕಾಗಿತ್ತು. ಹೇಳಿದರೂ ಸಾಲಲಿಲ್ಲ. ಅಣ್ಣ, ತಮ್ಮ ಕಟ್ಟಿದ್ದಾನೆ ಅಂದುಕೊಂಡ. ತಮ್ಮ, ಅಣ್ಣ ಕಟ್ಟಿದ್ದಾನೆ ಅಂದುಕೊಂಡ. ಮಂಚದ ಕೆಳಗೆ ಬಗ್ಗಿ ನೋಡಲು ಎಷ್ಟು ಹೊತ್ತು ಬೇಕು? ಸಿಮೆಂಟು ಕಲೆಸುವ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಹಾಕಿ, ಗಂಧಕ ಸುರಿದು, ಅದೇ ಮಂಚದ ಪಕ್ಕದಲ್ಲಿಟ್ಟು, ಬಾಗಿಲು ಎಳೆದುಕೊಂಡರು. ಬಾಗಿಲ ಸಂದಿಗೆ ಹಸಿ ಗೋಣಿತಾಟು ತುರುಕಿದರು. ಓಣಿಯ ಕಡೆಯ ಕಿಟಕಿಗೆ ಹೊರಗಿನಿಂದ ತಾಡಪತ್ರಿ ಹೊಡೆದರು, ಅದೂ ಅಚ್ಚುಕಟ್ಟಾಗಿ. ಒಂದು ಕೆಲಸವನ್ನೂ ಪೂರ್ತಿ ಮುಗಿಸದ ನನ್ನ ಗಂಡ ಅದೊಂದನ್ನು ಎಷ್ಟು ಚೆನ್ನಾಗಿ ಮುಗಿಸಿದ್ದರೆಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗುಡಿಯಲ್ಲಿ ಗದ್ದಲವಿತ್ತು. ಅತ್ತೆಗೆ ಬಿಸಿಲಿಗೆ ತಲೆ ತಿರುಗಿದಂತಾಯಿತು. ಮಾರ್ಕೆಟ್ಟಿಗೆ ಹೋಗದೆ ಆಟೋ ಹಿಡಿದು ಮನೆಗೆ ಬಂದೆವು. ಅಂಗಳದಲ್ಲೇ ವಾಸನೆ ಬಂತು, ನೂರು ಬೆಂಕಿಕಡ್ಡಿ ಒಮ್ಮೆಲೇ ಗೀರಿದ ಹಾಗೆ. ನಾನು ನೇರ ಹಿತ್ತಲಿಗೆ ಹೋದೆ. ಬೇವಿನ ಬುಡದಲ್ಲಿ ಸರಪಳಿ ಮಾತ್ರ ಬಿದ್ದಿತ್ತು.

ನಾನು ವಾಪಸು ಓಡಿ ಬರುವಷ್ಟರಲ್ಲಿ ಅತ್ತೆ ತಮ್ಮ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. "ಒಳಗ ಕೆಮ್ಮಾಕತ್ತೈತಿ ಬೇ," ಎಂದರು. ನನಗೂ ಕೇಳಿಸಿತು. ಕೆಮ್ಮಲ್ಲ, ಚರ್ಮ ಹರಿದ ಹಾಗೊಂದು ಶಬ್ದ.

"ಅತ್ತಿ, ನೀವು ಹೋಗಬ್ಯಾಡ್ರಿ. ನಾ ಕಿಟಕಿ ತೆಗಿತೇನಿ. ನಿಲ್ಲರಿ!"

ಓಣಿಗೆ ಓಡಿದೆ. ತಾಡಪತ್ರಿಯನ್ನು ಮೊಳೆಗಳಿಂದ ಜಗ್ಗಿ ಕಿತ್ತೆ. ಕಿಟಕಿಯ ಗಾಜನ್ನು ಇಟ್ಟಿಗೆಯಿಂದ ಒಡೆದೆ. ಹೊಗೆ ಮುಖಕ್ಕೆ ಬಡಿಯಿತು, ಕಣ್ಣು ಮುಚ್ಚಿಹೋದವು. ಬಲವಂತವಾಗಿ ತೆರೆದಾಗ ಒಳಗೆ ಅತ್ತೆ ಕಂಡರು. ನಿಂತಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮಂಡಿಯೂರಿ, ಹೊಗೆ ಎಲ್ಲಕ್ಕಿಂತ ದಟ್ಟವಾಗಿದ್ದ ನೆಲಕ್ಕೆ ಮುಖ ತಂದು ಮಂಚದ ಕೆಳಗೆ ಕೈ ಹಾಕಿದ್ದರು. ಮತ್ತೆ ಬಾಗಿಲ ಕಡೆಗೆ ಓಡಿಬಂದು ಒಳಗೆ ಹೊಕ್ಕೆ. ಅವರ ಸೊಂಟ ಹಿಡಿದು ಎಳೆದೆ. ಅವರು ನಾಯಿಯ ಕಾಲು ಬಿಡಲಿಲ್ಲ. ಮೂವರೂ ಒಟ್ಟಿಗೆ ಪಡಸಾಲೆಯ ನೆಲಕ್ಕೆ ಬಂದು ಬಿದ್ದೆವು.

ಅತ್ತೆಯ ತುಟಿ ನೀಲಿಗಟ್ಟಿದ್ದವು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ನಾಯಿ ಬಾಯಿ ತೆರೆದು, ಎರಡೂ ಕಣ್ಣಿನಿಂದ ನೀರು ಸುರಿಸುತ್ತ, ಕಾಲು ಬಡಿಯುತ್ತಿತ್ತು. ಕೊಡದ ನೀರನ್ನೆಲ್ಲ ಇಬ್ಬರ ಮುಖಕ್ಕೆ ಸುರಿದೆ. ಗಂಡನಿಗೆ ಫೋನು ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದರು. ಹಿಂದೆ ಹಾಡು, ನಗು, ಗ್ಲಾಸಿನ ಸದ್ದು.

"ಅತ್ತಿಗೆ ಉಸಿರು ಹಿಡದೈತಿ. ನಾಯಿ ಒಳಗಿತ್ತು. ಲಗೂನ ಬರ್ರಿ."

"ಹಾಂ? ಈಗಷ್ಟ ಊಟ ಹೇಳೇವಿ. ನೀರು ಕುಡಸು, ಒಂದೀಟು ಗಾಳಿಗೆ ಕುಂದರಸು. ಬರ್ತೇವಿ."

ನಾನು ಫೋನು ಇಟ್ಟೆ. ರಸ್ತೆಗೆ ಹೋಗಿ ಆಟೋ ತಂದೆ. ನಾಯಿಯನ್ನು ಬಿಟ್ಟು ಅತ್ತೆ ಹತ್ತಲಿಲ್ಲ. ಮಾತು ಬರುತ್ತಿರಲಿಲ್ಲ, ಕೈ ಮಾತ್ರ ಅದರ ಕೊರಳಪಟ್ಟಿಯಲ್ಲಿತ್ತು. ಆಟೋದವನು ಏನೂ ಕೇಳದೆ ನಾಯಿಯನ್ನೂ ಎತ್ತಿ ಹಾಕಿದ. ಆಸ್ಪತ್ರೆಯಲ್ಲಿ ಅತ್ತೆಗೆ ಆಕ್ಸಿಜನ್ ಹಚ್ಚಿದರು. ಇನ್ನೊಂದೀಟು ತಡವಾಗಿದ್ದರೆ ಎಂದು ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಮಾತು ಮುಗಿಸಲಿಲ್ಲ. ನಾಯಿಯನ್ನು ಹೊರಗೆ ಮರದ ನೆರಳಲ್ಲಿ ಮಲಗಿಸಿ, ನಾನು ಅಲ್ಲಿಗೂ ಇಲ್ಲಿಗೂ ಓಡಾಡಿದೆ. ಸಂಜೆ ದನದ ಡಾಕ್ಟರೊಬ್ಬರು ಅಲ್ಲಿಗೇ ಬಂದು ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ಕಿವಿ ಇಲ್ಲದ ನಾಯಿಗೆ ಈಗ ಕಣ್ಣೂ ಇಲ್ಲ. ಅತ್ತೆಯ ಕಾಲಿನ ವಾಸನೆ ಹಿಡಿದು ಮನೆ ತಿರುಗುತ್ತದೆ. ಅತ್ತೆಗೆ ಕೆಮ್ಮು ನಿಂತಿಲ್ಲ. ನಾನು ದೇವರ ದೀಪಕ್ಕೂ ಕಡ್ಡಿ ಗೀರುವುದಿಲ್ಲ. ಬೇರೆ ಯಾರಾದರೂ ಗೀರಿದ ವಾಸನೆಗೆ, ಮಾಡುವ ಕೆಲಸ ಬಿಟ್ಟು, ಅತ್ತೆಯ ಕೋಣೆಗೆ ಓಡುತ್ತೇನೆ.

ಗಂಡ ಅತ್ತಿದ್ದುಂಟು, ಆಸ್ಪತ್ರೆಯಲ್ಲಿ, ಎಲ್ಲರ ಮುಂದೆ. ಆ ಅಳು ವಾರವೂ ಬಾಳಲಿಲ್ಲ. ಅತ್ತೆ ಮನೆಗೆ ಬಂದರು, ತಗಣಿಗಳೂ ಮರಳಿ ಬಂದವು. ಅಲ್ಲಿಂದಲೇ ನಗು ಶುರುವಾದದ್ದು.

ಮೊನ್ನೆ ತಿಕೋಟಾದ ತೋಟದಲ್ಲಿ ಊಟವಿತ್ತು. ಹಂಗಾಮು ಮುಗಿದ ಖುಷಿಗೆ ಮೈದುನ ಗೆಳೆಯರನ್ನೆಲ್ಲ ಕರೆದಿದ್ದ. ಬಕೆಟ್ಟಿನ ತುಂಬ ಬರ್ಫ, ಅದರಲ್ಲಿ ಬೀರಿನ ಬಾಟಲಿ. ಅತ್ತೆ, ನಾಯಿ, ನಾನು ಚಪ್ಪರದ ಇನ್ನೊಂದು ತುದಿಯಲ್ಲಿದ್ದೆವು. ಎರಡನೆಯ ಗ್ಲಾಸಿಗೆ ಅವನು ಕಥೆ ಶುರು ಮಾಡಿದ.

"ನಮ್ಮವ್ವ ನೋಡ್ರಪಾ, ಕುಸ್ತಿ ಪೈಲ್ವಾನ! ನಾಯಿ ಕಾಲು ಹಿಡದಾಳ, ವೈನಿ ಅವ್ವನ ಸೊಂಟಾ ಹಿಡದಾರ, ರೈಲಿನ ಡಬ್ಬಿ ಹಂಗ ಒಂದರ ಹಿಂದ ಒಂದು! ಅಷ್ಟಾದ್ರೂ ತಗಣಿ ಸತ್ತಿಲ್ಲ ಮತ್ತ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕರು. ಅದು ನನಗೆ ಎಲ್ಲಕ್ಕಿಂತ ಚುಚ್ಚಿತು. ಮಕ್ಕಳ ಮರ್ಯಾದೆ ಕಾಯುವ ನಗು ಅದು. ನಗುವೇ ಕೆಮ್ಮಾಗಿ, ಸೆರಗು ಬಾಯಿಗೆ ಹೋಯಿತು.

"ಬಂದ ರವಿವಾರ ಮತ್ತೊಮ್ಮೆ ಹೊಗಿ ಹಾಕೂಣು," ಎಂದ ಮೈದುನ. "ಈ ಸಲ ಡಬಲ್."

"ನಾಯಿನ ಈ ಸಲ ನಾನ ಕಟ್ಟತೇನಿ," ಎಂದರು ನನ್ನ ಗಂಡ. ಮತ್ತೆ ನಗು.

ನಾನು ಎದ್ದು ಅವರ ನಡುವೆ ಹೋಗಿ ನಿಂತೆ. ಗಂಡನ ಕಡೆ ತಿರುಗಿದೆ. "ಕಥಿ ಅರ್ಧಕ್ಕ ಬಿಟ್ರಿ. ನಾ ಫೋನ್ ಮಾಡಿದಾಗ ನೀವು ಏನಂದ್ರಿ, ಅದನ್ನೂ ಹೇಳ್ರಿ."

"ಎಲ್ಲಾರ ಮುಂದ ಹಿಂಗ ಮಾತಾಡ್ತಾರೇನು?"

"ಎಲ್ಲಾರ ಮುಂದನ ಹೇಳಾಕತ್ತೀರಲ್ಲ ಕಥಿ. ಹೇಳ್ರಿ."

"ಬಿಡ್ರಿ ವೈನಿ, ಚ್ಯಾಷ್ಟಿಗೆ—"

"ನೀ ಸುಮ್ಮನಿರ." ಅವನಿಗೆ ನಾನು ಏಕವಚನ ಆಡಿದ್ದು ಅದೇ ಮೊದಲು. "ನಿಮ್ಮವ್ವನ ತುಟಿ ನೀಲಿ ಆಗಿದ್ವು. ನಾ ನೋಡೇನಿ. ನೀ ನೋಡಿಲ್ಲ."

ಗಂಡ ಗ್ಲಾಸನ್ನೇ ನೋಡುತ್ತ ಕೂತರು. ಗೆಳೆಯರಲ್ಲೊಬ್ಬ ಮೊಬೈಲು ತೆಗೆದು ಅದನ್ನೇ ನೋಡತೊಡಗಿದ. ಆಗ ಹಿಂದಿನಿಂದ ಅತ್ತೆಯ ದನಿ ಬಂತು.

"ಏನಂದಿಲೇ? ನನಗೂ ಗೊತ್ತಿಲ್ಲ. ಹೇಳು."

ಗಂಡ ಹೇಳಿದರು. ಬಹಳ ಸಣ್ಣ ದನಿಯಲ್ಲಿ, "ಊಟ ಹೇಳೇವಿ ಅಂದಿದ್ದೆ" ಎಂದರು.

ಅತ್ತೆ ಬೈಯಲಿಲ್ಲ. "ನನ್ನ ಖೋಲಿಗೆ ಯಾರೂ ಬರಬ್ಯಾಡ್ರಿ ಇನ್ನ. ಮಂಚಾನೂ ಒಯ್ದುಬಿಡ್ರಿ, ನಾ ನೆಲದ ಮ್ಯಾಲ ಮಲಗತೇನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಡಿಯವ್ವಾ, ಹೋಗೂಣು," ಎಂದರು.

ನಾಯಿಯನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಅವರ ತೊಡೆಯ ಮೇಲೆ ಮಲಗಿಸಿದೆ. ಗಂಡಸರು ಎದ್ದು ಬರುತ್ತಾರೆಂದು ಕಾಯಲಿಲ್ಲ. ತೋಟದ ದಾರಿ ದಾಟಿ ವಿಜಯಪುರದ ರಸ್ತೆಗೆ ಬಂದಾಗ ಅತ್ತೆ, "ನಾ ನಗಬಾರದಿತ್ತು," ಎಂದರು. ಅವರ ಮೇಲೂ ಸಿಟ್ಟಿತ್ತು ನನಗೆ, ಈಗಲೂ ಇದೆ. ಅಷ್ಟರಲ್ಲಿ ಮತ್ತೆ ಆ ಕೆಮ್ಮು ಬಂತು, ನಿಲ್ಲದ ಕೆಮ್ಮು. ಇಕ್ಕಟ್ಟಾದ ಜಾಗದಲ್ಲೇ ಕಾರು ನಿಲ್ಲಿಸಿ, ಹಿಂದೆ ಹೋಗಿ, ಬೆನ್ನು ನೀವಿ ನೀರು ಕುಡಿಸಿದೆ. ನಮ್ಮ ಹಿಂದೆ ಬಂದ ಟೆಂಪೋದವನು ದಾರಿ ಬಿಡೆಂದು ಹಾರ್ನ್ ಹೊಡೆದ, ಮತ್ತೆ ಹೊಡೆದ, ಕಿಟಕಿಯಿಂದ ತಲೆ ಹಾಕಿ ಬೈದ. ಬೈಯಲಿ. ಅತ್ತೆಯ ಉಸಿರು ಒಳಗೆ ಹೋಗಿ ಹೊರಗೆ ಬರುವವರೆಗೆ ನಾನು ಗಾಡಿ ಸರಿಸಲಿಲ್ಲ.