ಹೆಸರು ಹಾಕಿಸಿದ ಕೌದಿ ಚೀಲ

ಕುಷ್ಟಗಿಯಾಗ ನಮ್ಮದು ತಂಬಿಗಿ, ಕೊಡ ಮಾರೋ ಬಾಂಡೆ ಸಾಮಾನಿನ ಅಂಗಡಿ. ಪ್ರತಿ ದೀಪಾವಳಿಗೆ ಗಿರಾಕಿಗಳಿಗೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕೊಟ್ಟು ನನಗ ಸಾಕಾಗಿತ್ತು. ಈ ಸಲ ಓಣ್ಯಾಗಿನ ಹಳೇ ಇಳಕಲ್ ಸೀರಿ ಕೂಡಿಸಿ, ಕೌದಿ ಹೊಲಿಯೋ ಹೆಣ್ಮಕ್ಕಳ ಕಡಿಂದ ಗಟ್ಟಿ ಚೀಲ ಹೊಲಿಸಿದೆ. ಮ್ಯಾಲೆ ಅಂಗಡಿ ಹೆಸರು ದಪ್ಪಕ್ಷರದಾಗ ಹಾಕಿಸಿದೆ. ಸಂತಿ ತುಂಬ ನಮ್ಮ ಹೆಸರು ಓಡಾಡ್ತೈತಿ ಅಂತ ಹಿಗ್ಗಿದ್ದ ಹಿಗ್ಗಿದ್ದು. ಲಕ್ಷ್ಮಿ ಪೂಜಾಕ್ಕ ಬಂದೋರಿಗೆಲ್ಲ ಅದರಾಗ ಉಂಡಿ ಹಾಕಿ ಕೊಟ್ಟೆ.

ಎಂಟು ದಿನ ಆಗಿರಲಿಲ್ಲ, ಚೀಲ ಒಂದೊಂದ ತಿರುಗಿ ಬರಾಕ ಹತ್ತಿದುವು. ಬರಿದ ಕೊಡಬಾರದು ಅಂತ ಒಬ್ಬರು ಶೇಂಗಾ ತುಂಬಿದ್ರ, ಇನ್ನೊಬ್ಬರು ಚಕ್ಕಲಿ. "ಇದು ನಿಮಗ ಕೊಟ್ಟದ್ದರಿ, ಇಟ್ಕೊಳ್ರಿ" ಅಂತ ಹೇಳಿ ಹೇಳಿ ಗಂಟಲು ಒಣಗಿತು. ಯಾರರ ಕೇಳಿದ್ರ ಹೌದಲ್ಲ!

ಕಡೀಕ ಚೀಲ ತಿರುಗಿ ಕೊಡಾಕ ಬಂದ ಒಬ್ಬಾಕಿ ಮುದುಕಿ ಆಯಿ ನನಗ ಬುದ್ಧಿ ಹೇಳಿದಳು. "ನಿನ್ನ ಅಂಗಡಿ ಹೆಸರ ಐತಲ್ಲೋ ಯಪ್ಪಾ. ಮಂದಿ ಸಾಮಾನು ನಾವು ಇಟ್ಕೊಂಡ್ರ ಛಲೋ ಕಾಣತೈತೇನು? ತಂಬಿಗಿ ಮ್ಯಾಲೆ ಕೊಂಡವರ ಹೆಸರು ನೀನ ಕೊರದು ಕೊಡ್ತಿ, ಯಾರ ಮನಿಗೆ ಹೋದ್ರೂ ತಿರುಗಿ ಬರ್ಲಿ ಅಂತ."

ಮೂವತ್ತು ವರ್ಷ ಹೆಸರು ಕೊರದ ಕೈ ನಂದು. ಆಕಿ ಕೊಟ್ಟ ಚೀಲ ತಗೊಂಡು ಮಡಚಿಟ್ಟೆ.

ಹೋಗೂಮುಂದ ನೋಡಿದೆ, ಆಕಿ ಕೈಯಾಗ ಎದುರಿನ ಅಂಗಡಿಯವರ ಪ್ಲಾಸ್ಟಿಕ್ ಚೀಲ.

"ಅಲ್ಲಬೇ ಆಯಿ, ಅದರ ಮ್ಯಾಲೂ ಹೆಸರು ಐತಲ್ಲ?"

"ಇದನ್ನ ಯಾರು ತಿರುಗಿ ಕೇಳ್ತಾರೋ ತಮ್ಮಾ!" ಅಂದು, ಬಜಾರ ತುಂಬ ಅವರ ಹೆಸರು ಮೆರಸ್ಕೊಂತ ಹೋದಳು.